ಮರಿ ಕಾಯೋ ಕುಚ್ಚು ಮೀನು

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸು, ಮಗಳ ಪರೀಕ್ಷೆ, ಅದು ಇದು... ನೆಪಗಳಿಗೇನೂ ಬರ ಇಲ್ಲ ಬಿಡಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಫೋಟೋ ನೋಡಿ.

ಕಳಿಸಿದ್ದು ನಮ್ಮ ಭಾವ, ಸೋದರತ್ತೆ ಮಗ. ಬಹಳ ವರ್ಷದಿಂದ ಅಮೆರಿಕಾದ ಮಿನ್ನೆಸೋಟಾದಲ್ಲಿದ್ದಾರೆ. ಹತ್ತು ಸಾವಿರ ಕೆರೆಗಳ ನಾಡು ಅಂತ ಅಲ್ಲಿಯವರು ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆಸಿಕೊಂಡಿರ್ತಾರೆ. ಫೋಟೋದಲ್ಲಿ ಅರ್ಧ ಕರಗಿದ ಮಂಜುಗಡ್ಡೆಯ ಕೆರೆ, ದಡದಲ್ಲಿ ಬೋರಲು ಹಾಕಿದ ದೋಣಿ. ಕೆಳಗೆ ಒಂದು ಸಾಲು: "ಇನ್ನೂ ಒಂದೂವರೆ ತಿಂಗಳು ಕಾಯಬೇಕು ಕಣೋ, ಕೈ ತುರಿಸ್ತಾ ಇದೆ."

ಏನು ಕಾಯೋದು ಅಂತ ಫೋನ್ ಮಾಡಿದೆ. ಅಲ್ಲಿ ಜನ ಹುಚ್ಚೆದ್ದು ಗಾಳ ಹಾಕೋದು ಎರಡು ಮೀನಿಗಂತೆ. ಒಂದು ವಾಲೈ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತೆ. 1965ರಿಂದ ಅದೇ ಆ ರಾಜ್ಯದ ರಾಜ್ಯಮೀನು. ಇನ್ನೊಂದು ನಾರ್ದರ್ನ್ ಪೈಕ್, ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು. ಎರಡೂ ಬೇರೆ ಮೀನು ತಿಂದು ಬದುಕೋ ಜಾತಿ. ಮಂಜುಗಡ್ಡೆ ಕರಗುತ್ತಿದ್ದ ಹಾಗೆ ಪೈಕ್ ದಡಕ್ಕೆ ಬಂದು ಮುಳುಗಿದ ಹುಲ್ಲಿನಲ್ಲಿ ಮೊಟ್ಟೆ ಇಡುತ್ತೆ. ಅದರ ಹಿಂದೆಯೇ ವಾಲೈ ಬಂದು ಕಲ್ಲುಗಳ ಸಂದಿಯಲ್ಲಿ ಇಡುತ್ತೆ. ಇಟ್ಟು ಹೋಗ್ತಾವೆ, ಅಷ್ಟೇ. ಮೊಟ್ಟೆ ಏನಾಯ್ತು, ಮರಿ ಏನಾಯ್ತು ಅಂತ ತಿರುಗಿ ನೋಡಲ್ಲ. ಅದಕ್ಕೇ ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ಅಲ್ಲಿನ ಕೆರೆಗಳಲ್ಲಿ ಇವೆರಡನ್ನೂ ಹಿಡಿಯೋ ಹಾಗಿಲ್ಲ ಅಂತ ಕಾನೂನು. "ಮೀನು ಕಾಯಲ್ಲ, ಅದಕ್ಕೆ ಸರ್ಕಾರ ಕಾಯುತ್ತೆ" ಅಂದರು ಭಾವ. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಮ್ಮೂರಲ್ಲಿ ನಿಮ್ಮ ಸಣ್ಣಜ್ಜ ಇದ್ದ ಹಾಗೆ" ಅಂದರು.

ಫೋನ್ ಇಟ್ಟ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ನಮ್ಮೂರು ಚೌಳಹಿರಿಯೂರಿನ ಪಕ್ಕದ ಒಂದು ಹಳ್ಳಿ. ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಬೆಂಗಳೂರಲ್ಲಿ ಚಿಕ್ಕಮಗಳೂರು ಅಂದ ತಕ್ಷಣ ಎದುರಿಗಿದ್ದವರ ಮುಖ ಅರಳುತ್ತೆ. "ವಾವ್! ಕಾಫಿ ತೋಟ ಇದೆಯಾ?" ಅಂತಾರೆ. ಎಲ್ಲಿಯ ಕಾಫಿ ಸ್ವಾಮಿ? ಬಾಬಾಬುಡನ್ ಗಿರಿ, ಮುಳ್ಳಯ್ಯನಗಿರಿ ಮೋಡಗಳನ್ನೆಲ್ಲ ಹಿಡಿದು ಆ ಕಡೆಯೇ ಹಿಂಡಿ ಕಳಿಸುತ್ತವೆ. ಈ ಕಡೆ ನಮಗೆ ಬರೋದು ಬರೀ ಗಾಳಿ. ರಾಗಿ, ತೆಂಗು, ಜಾಲಿ, ಕುರಿಮಂದೆ, ಕೆಂಪು ಧೂಳು, ಇದು ನಮ್ಮ ಚಿಕ್ಕಮಗಳೂರು!

ನೀರು ಅಂದರೆ ನಮಗೆ ಕೆರೆ. ಈ ಸೀಮೆಯ ನದಿ ಕೂಡ ಕೆರೆಯಿಂದಲೇ ಹುಟ್ಟಿದ್ದು ಅಂತ ನಾವು ಹೆಮ್ಮೆಯಿಂದ ಹೇಳ್ಕೋತೀವಿ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ಕಡೆಯಿಂದ ವೇದಾ, ಮದಗದ ಕೆರೆ ಕಡೆಯಿಂದ ಅವತಿ, ಎರಡೂ ಕೂಡಿ ವೇದಾವತಿ. ಅದು ಹೊಸದುರ್ಗದ ಕಡೆ ಹರಿದು ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಸೇರುತ್ತೆ. ನಮ್ಮೂರ ಕೆರೆ ಇವುಗಳ ಮುಂದೆ ಒಂದು ಬೊಗಸೆ. ಒಂದು ಏರಿ, ಒಂದು ತೂಬು, ಒಂದು ಕೋಡಿ, ಹಿಂಭಾಗದಲ್ಲಿ ಜೊಂಡು. ನಮ್ಮ ಪಾಲಿಗೆ ಅದೇ ಸಮುದ್ರ.

ಸಣ್ಣಜ್ಜ ಅಂದರೆ ನಮ್ಮಜ್ಜನ ತಮ್ಮ. ಮದುವೆ ಆಗಿರಲಿಲ್ಲ. ವಯಸ್ಸಿನಲ್ಲೇ ಘಟ್ಟ ಹತ್ತಿ ಕಾಫಿ ತೋಟದಲ್ಲಿ ಕೆಲಸಕ್ಕಿದ್ದವನು, ವರ್ಷಕ್ಕೊಂದು ಸಲ ಊರಿಗೆ ಬರೋನು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಆ ಸಲ ತಿಥಿಗೆ ಬಂದ ಸಣ್ಣಜ್ಜ ವಾಪಸ್ಸು ಹೋಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊಲ ನೋಡಿಕೊಂಡ, ಎರಡು ಎಮ್ಮೆ ಕಟ್ಟಿದ, ಬಿಡುವಾದಾಗ ಕೆರೆಗೆ ಹೋಗಿ ಗಾಳ ಹಾಕ್ತಿದ್ದ. ನಾನು ಅವನ ಬಾಲ.

ನಮ್ಮ ಮೀನಿನ ಕಾಲ ಶುರುವಾಗ್ತಿದ್ದದ್ದು ಶಿವರಾತ್ರಿಗೆ. ಚಳಿ ಶಿವ ಶಿವಾ ಅಂತ ಹೊರಟ ಮೇಲೆ ಕೆರೆ ನೀರು ಬೆಚ್ಚಗಾಗುತ್ತೆ, ದಿನಾ ಒಂದೊಂದು ಗೇಣು ಹಿಂದೆ ಸರಿಯುತ್ತೆ. ಮೀನುಗಳೆಲ್ಲ ಉಳಿದ ನೀರಿಗೆ ಬಂದು ಸೇರ್ತಾವೆ. ಅಲ್ಲಿಂದ ಯುಗಾದಿವರೆಗೆ, ಹೊಂಗೆ ಚಿಗುರಿ ಹೂ ಬಿಡೋವರೆಗೆ, ಬೆಳಗ್ಗೆ ಸಂಜೆ ಏರಿ ಮೇಲೆ ನಮ್ಮದೇ ಜಾತ್ರೆ. ಸೊರಬ, ಸಾಗರದ ಕಡೆಯಾದರೆ ಕೆರೆ ಬೇಟೆ ಅಂತ ಊರಿಗೆ ಊರೇ ಕೂಣಿ ಹಿಡಕೊಂಡು ಕೆರೆಗೆ ಇಳಿಯುತ್ತೆ. 2024ರಲ್ಲಿ ಆ ಹೆಸರಿನ ಸಿನಿಮಾನೇ ಬಂತಲ್ಲ. ನಮ್ಮಲ್ಲಿ ಆ ಗದ್ದಲ ಇಲ್ಲ. ಒಬ್ಬನೇ, ಒಂದು ಬಿದಿರು ಕಡ್ಡಿ, ಚೌಳಹಿರಿಯೂರಿನ ಅಂಗಡಿಯಿಂದ ತಂದ ತಂಗೂಸಿ, ಕೊಕ್ಕೆ, ಜೋಳದ ದಂಟಿನ ಬೆಂಡು, ಕರಟದಲ್ಲಿ ಎರೆಹುಳ.

ಎರೆಹುಳಕ್ಕೆ ಬೀಳ್ತಿದ್ದದ್ದು ಜಿಲೇಬಿ ಮೀನು, ಪುಡಿ ಗೆಂಡೆ. ಅದು ನಮ್ಮಂಥ ಹುಡುಗರ ಪಾಲು. ಸಣ್ಣಜ್ಜ ಬರ್ತಿದ್ದದ್ದು ಕುಚ್ಚಿಗೆ. ಕೆಲವು ಕಡೆ ಕೊರವ ಅಂತಾರೆ, ತೆಲುಗರಿಗೆ ಅದು ಕೊರಮೀನು, ತೆಲಂಗಾಣದ ರಾಜ್ಯಮೀನು. ಹಾವಿನಂಥ ತಲೆ, ಕರೀ ಬೆನ್ನು, ಮೊಳದುದ್ದ ಮೈ. ಭಾವನ ಪೈಕ್ ಇದ್ದ ಹಾಗೆ ಇದೂ ಜೊಂಡಿನ ಸಂದಿಯಲ್ಲಿ ಅಲ್ಲಾಡದೆ ಹೊಂಚು ಹಾಕಿ ನಿಲ್ಲುತ್ತೆ, ಕಪ್ಪೆ ಮೀನು ಏನು ಬಂದರೂ ಗಬಕ್ಕನೆ ಹಿಡಿಯುತ್ತೆ. ಒಂದೇ ವ್ಯತ್ಯಾಸ ಏನಂದರೆ ಇದಕ್ಕೆ ಬರೀ ನೀರೊಳಗಿನ ಉಸಿರು ಸಾಲದು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗಬೇಕು. ಗುಳುಂ! ಅಂತ ಒಂದು ಸದ್ದು, ನೀರಲ್ಲಿ ಒಂದು ಬಳೆ. ಅಷ್ಟರಲ್ಲೇ ಸಣ್ಣಜ್ಜ ಅದು ಎಷ್ಟು ದೊಡ್ಡದು, ಯಾವ ಕಡೆ ಹೊರಟಿದೆ ಅಂತ ಹೇಳಿಬಿಡ್ತಿದ್ದ.

ಕುಚ್ಚಿಗೆ ಬೆಂಡು ಬೇಡ. ಜೀವ ಇರೋ ಸಣ್ಣ ಕಪ್ಪೆಯ ಬೆನ್ನಿನ ಚರ್ಮಕ್ಕೆ ಕೊಕ್ಕೆ ಚುಚ್ಚಿ, ಜೊಂಡಿನ ಅಂಚಿನಲ್ಲಿ ನೀರಿನ ಮೇಲೆ ಕುಣಿಸಬೇಕು. ಕಚ್ಚಿದ ತಕ್ಷಣ ಎಳೆದರೆ ಹೋಯ್ತು. "ತಿನ್ನಕ್ಕೆ ಬಿಡ್ಲಾ, ಎಣಿಸು" ಅಂತಿದ್ದ. ಇಪ್ಪತ್ತು ಎಣಿಸೋ ಹೊತ್ತಿಗೆ ನನ್ನ ಎದೆ ಬಾಯಿಗೆ ಬಂದಿರ್ತಿತ್ತು. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗಾಳ ಹಾಕೋದರ ಬಗ್ಗೆಯೇ ಮತ್ಸ್ಯವಿನೋದ ಅಂತ ಒಂದು ಭಾಗ ಇದೆ ಅಂತ ದೊಡ್ಡವನಾದ ಮೇಲೆ ತಿಳಿದು ಆಶ್ಚರ್ಯ ಆಯ್ತು. ರಾಜನಿಗೂ ನಮ್ಮ ಸಣ್ಣಜ್ಜನಿಗೂ ಒಂದೇ ಚಟ! ಓದು ಬರಹ ಇಲ್ಲದ ಸಣ್ಣಜ್ಜನ ಪುಸ್ತಕ ಮಾತ್ರ ಕೆರೆಯೇ.

ಅವನ ಕಾಯ್ದೆ ಒಂದೇ. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಕುಚ್ಚಿಗೆ ಗಾಳ ಇಲ್ಲ. ಹೊಸ ನೀರು ಬಿದ್ದರೆ ಕುಚ್ಚು ಜೋಡಿ ಜೋಡಿಯಾಗಿ ಜೊಂಡಿನ ನಡುವೆ ಹುಲ್ಲು ಸರಿಸಿ ತಟ್ಟೆಯಗಲ ಜಾಗ ಮಾಡುತ್ತೆ. ಅಲ್ಲಿ ಇಟ್ಟ ಮೊಟ್ಟೆ ಎಣ್ಣೆ ಹನಿಯ ಹಾಗೆ ನೀರ ಮೇಲೆ ತೇಲುತ್ತೆ. ಒಂದೆರಡು ದಿನಕ್ಕೆಲ್ಲ ಮರಿ. ಆಮೇಲೆ ನೋಡಬೇಕು, ನೂರಾರು ಮರಿಗಳು ಒಟ್ಟಾಗಿ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಒಂದು ಉಂಡೆ ಕಟ್ಟಿಕೊಂಡು ಕೆರೆಯಲ್ಲಿ ತಿರುಗ್ತವೆ. ಉಂಡೆಯ ಕೆಳಗೇ ದೊಡ್ಡದು ಕಾವಲು. ಏನು ಹತ್ತಿರ ಬಂದರೂ ಮೇಲೆ ಬೀಳುತ್ತೆ. ನೀರಿಗಿಳಿದ ನಾಯಿಗೂ ಹೆದರಲ್ಲ.

"ಮರಿ ಹಿಂದಿರೋ ಮೀನಿಗೆ ಗಾಳ ಹಾಕೋದು ಬೇಟೆ ಅಲ್ಲ ಕಣ್ಲಾ, ಕಳ್ಳತನ" ಅಂತಿದ್ದ. "ಅದು ಹೊಟ್ಟೆಗೆ ಕಚ್ಚಲ್ಲ, ಸಿಟ್ಟಿಗೆ ಕಚ್ಚುತ್ತೆ."

1996. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮುಗಿಸಿ ಬೇಸಿಗೆ ರಜೆ. ಭರಣಿ ಮಳೆ ಬಿದ್ದರೆ ಧರಣಿ ಬೆಳೆ ಅಂತಾರಲ್ಲ, ಆ ವರ್ಷ ಭರಣಿ ನಮ್ಮ ಕಡೆ ಒಳ್ಳೇ ಹದ ಕೊಟ್ಟಿತ್ತು. ಸಣ್ಣಜ್ಜ ನೇಗಿಲು ಕಟ್ಟಿಕೊಂಡು ಹೊಲದಲ್ಲಿ. ನಾನು ಏರಿ ಮೇಲೆ. ಕೋಡಿ ಹತ್ತಿರ ಕೆಂಪು ಉಂಡೆ ಕಾಣಿಸ್ತು. ಅಲ್ಲಿವರೆಗೆ ನಾನು ಒಂದೇ ಒಂದು ಕುಚ್ಚು ಸ್ವಂತವಾಗಿ ಹಿಡಿದಿರಲಿಲ್ಲ. ಜೊತೆಗಿದ್ದ ಗೆಳೆಯ, "ಹಾಕ್ಲಾ, ನಿಮ್ಮಜ್ಜ ಹೊಲದಾಗವ್ನೆ" ಅಂದ. ಅವನ ಮೇಲೆ ತಪ್ಪು ಹೊರಿಸ್ತಾ ಇಲ್ಲ. ಅವನು ಹೇಳದಿದ್ದರೂ ಹಾಕ್ತಿದ್ದೆ.

ಕಪ್ಪೆಯನ್ನ ಆ ಉಂಡೆಯ ನಡುವೆ ಬಿಟ್ಟೆ. ಎಣಿಸೋ ಅಗತ್ಯವೇ ಬರಲಿಲ್ಲ. ನೀರು ಸಿಡಿದು ಕಡ್ಡಿ ಬಾಗಿತು. ದಡಕ್ಕೆ ಎಳೆದಾಗ ನನ್ನ ತೋಳಿನುದ್ದ ಮೀನು! ಕುಣಿದುಬಿಟ್ಟೆ. ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ, ಎಲ್ಲರಿಗೂ ಕಾಣೋ ಹಾಗೆ ಊರ ಮಧ್ಯದಲ್ಲೇ ನಡೆದು ಬಂದೆ.

ಸಂಜೆ ಸಣ್ಣಜ್ಜ ಬಂದ. ಹಿತ್ತಿಲಲ್ಲಿ ಅಮ್ಮ ಬೂದಿ ಹಚ್ಚಿ ಲೋಳೆ ಉಜ್ಜುತ್ತಿದ್ದಳು. ಮೀನು ನೋಡಿದ, ನನ್ನ ನೋಡಿದ. "ಎಲ್ಲಿ ಸಿಕ್ತು?" ಅಂದ. ಸುಳ್ಳು ಹೇಳಕ್ಕೆ ಬಾಯಿ ಬರಲಿಲ್ಲ. "ಕೋಡಿ ತಾವ" ಅಂದೆ. ಅವನಿಗೆ ಅಷ್ಟು ಸಾಕಾಯ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಕೈಕಾಲು ತೊಳೆದುಕೊಂಡು ಜಗಲಿ ಮೇಲೆ ಕೂತು ಬೀಡಿ ಹಚ್ಚಿದ. ಬೀಡಿ ಮುಗಿದ ಮೇಲೆ ಹೇಳಿದ, "ಕಾಯೋದನ್ನ ನೀನು ತಗಂಡ್ ಬಂದೆ. ಇನ್ನು ಆ ಮರಿಗಳನ್ನ ನೀನೇ ಕಾಯಿ. ನಾಳೆ ಬೆಳಗ್ಗೆ ಹೋಗು."

ಆ ರಾತ್ರಿ ಸಣ್ಣಜ್ಜ ಮುದ್ದೆಯನ್ನ ಮಜ್ಜಿಗೆಯಲ್ಲಿ ಉಂಡ. ನಾನು ಸಾರು ಹಾಕಿಸಿಕೊಂಡೆ. ಇಲ್ಲೊಂದು ಸತ್ಯ ಹೇಳಿಬಿಡ್ತೀನಿ, ಸಾರು ಬಹಳ ರುಚಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ಗಂಟಲಲ್ಲಿ ಇಳಿಯಲಿಲ್ಲ, ಕಣ್ಣೀರು ಬಂತು ಅಂತೆಲ್ಲ ಬರೆದರೆ ಓದಕ್ಕೆ ಚೆನ್ನಾಗಿರುತ್ತೆ, ಆದರೆ ಹಾಗೇನೂ ಆಗಲಿಲ್ಲ.

ಆದದ್ದು ಮರುದಿನ. ತಮಾಷೆಗೆ ಹೇಳಿದ್ದಾನೆ ಅಂದುಕೊಂಡಿದ್ದೆ. ಬೆಳಗ್ಗೆ ಐದಕ್ಕೇ ಎಬ್ಬಿಸಿ ಕೈಗೊಂದು ಕೋಲು ಕೊಟ್ಟು ಕಳಿಸಿದ. ಮರಿಗಳ ಉಂಡೆ ಅಲ್ಲೇ ಇತ್ತು. ಕಾವಲಿಗೆ ಇನ್ನೊಂದು ಮೀನು ಇರಬಹುದು ಅಂತ ಕಾದೆ. ಗುಳುಂ ಅನ್ನೋ ಸದ್ದು ಕೇಳಲಿಲ್ಲ. ಬಿಸಿಲು ಏರ್ತಿದ್ದ ಹಾಗೆ ಮಿಂಚುಳ್ಳಿ ಬಂತು. ಕೋಲು ಬೀಸಿದೆ. ಹಾರಿ ಹೋಗಿ ಆ ಕಡೆಯಿಂದ ಬಂತು. ಕಲ್ಲು ಎಸೆದರೆ ಮರಿಗಳೇ ಚೆದುರುತ್ತಿದ್ದವು. ನೀರೊಳಗಿಂದ ಜಿಲೇಬಿ ಮೀನುಗಳು ಒಂದೊಂದಾಗಿ ನುಗ್ಗುತ್ತಿದ್ದವು. ಅದಕ್ಕೆ ಕೋಲು ಏನು ಮಾಡುತ್ತೆ? ಮಧ್ಯಾಹ್ನ ಒಂದು ನೀರುಹಾವು ಬಂತು. ನಾನು ಸೊಂಟದವರೆಗೆ ನೀರಿಗಿಳಿದು ಕಿರುಚಿದೆ. ಅಮ್ಮ ಬುತ್ತಿ ಕಳಿಸಿದ್ದಳು, ತಿನ್ನಲು ಕೈ ಬಿಡುವಾಗಲಿಲ್ಲ. ಅಷ್ಟು ಕೆಲಸ, ಸ್ವಾಮಿ, ಆ ಮೀನಿನದು! ಸಂಜೆ ಹೊತ್ತಿಗೆ ಮೊರದಗಲ ಇದ್ದ ಉಂಡೆ ತಟ್ಟೆಯಗಲ ಆಗಿತ್ತು. ಎರಡನೇ ದಿನ ಒಂದು ಅಂಗೈಯಷ್ಟು. ಮೂರನೇ ದಿನ ಬೆಳಗ್ಗೆ ಹೋದಾಗ ನೀರು ಬರೀ ನೀರಾಗಿತ್ತು.

ಮನೆಗೆ ಬಂದು ಜಗಲಿ ಕಂಬಕ್ಕೆ ಒರಗಿ ಅತ್ತೆ. ಸಣ್ಣಜ್ಜ ಪಕ್ಕದಲ್ಲಿ ಬಂದು ಕೂತ. "ಕಾಯೋದು ಕಷ್ಟ ಕಣ್ಲಾ" ಅಂದ. ಇನ್ನೇನೂ ಹೇಳಲಿಲ್ಲ. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ. ಮುಂದಿನ ಶಿವರಾತ್ರಿಗೆ ಹೊಸ ಕೊಕ್ಕೆ ತಂದುಕೊಟ್ಟ.

ಆಮೇಲೆ ನಾನು ಓದು, ಬೆಂಗಳೂರು ಅಂತ ಬಂದುಬಿಟ್ಟೆ. 2001ರಿಂದ ಮೂರು ವರ್ಷ ಸತತ ಬರ. 2004ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರು. ಊರವರು ಗೋಡು ಮಣ್ಣು ತೋಡಿ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೀತಿದ್ದರು. ಗುದ್ದಲಿಗೆ ಒಂದು ಕುಚ್ಚು ಸಿಕ್ತು, ಜೀವಂತ! ಮೇಲೆ ಬಿರುಕು ಬಿಟ್ಟ ನೆಲ, ಕೆಳಗೆ ಇನ್ನೂ ಹಸಿ ಇದ್ದ ಕೆಸರಲ್ಲಿ ಮುದುಡಿಕೊಂಡು ಮಲಗಿತ್ತು. ಗಾಳಿ ಕುಡಿಯೋ ಮೀನಾದ್ದರಿಂದ ಅದಕ್ಕೆ ಹೀಗೆ ತಿಂಗಳುಗಟ್ಟಲೆ ಇರೋದು ಸಾಧ್ಯ. ಯಾರೋ ಸಾರಿಗಾಯ್ತು ಅಂದರು. ಸಣ್ಣಜ್ಜ ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ಅದರಲ್ಲಿ ಸುತ್ತಿಕೊಂಡು ತೆಂಗಿನ ತೋಟಕ್ಕೆ ತಂದು ಬೋರ್ ನೀರು ಬೀಳೋ ಸಿಮೆಂಟು ತೊಟ್ಟಿಗೆ ಬಿಟ್ಟ. ದಿನಾ ಎರೆಹುಳ, ಕಪ್ಪೆ ಹಾಕಿ ಸಾಕಿದ. ಕರೆಂಟು ಇರದಿದ್ದಾಗ ಬಿಂದಿಗೆಯಲ್ಲಿ ನೀರು ಹೊತ್ತು ಸುರೀತಿದ್ದನಂತೆ. 2005ರಲ್ಲಿ ಮಳೆ ಚೆನ್ನಾಗಿ ಆಗಿ ಕೆರೆಗೆ ನೀರು ಬಂದ ಮೇಲೆ ತಗೊಂಡು ಹೋಗಿ ಬಿಟ್ಟು ಬಂದ. ಅಮ್ಮ ಫೋನಿನಲ್ಲಿ ಹೇಳ್ತಾ ನಗಾಡಿದ್ದಳು, "ಸೊಸೆ ಮನೆಗೆ ಕಳಿಸಿದಂಗೆ ಅರಿಶಿನ ಕುಂಕುಮ ಒಂದು ಹಚ್ಚಲಿಲ್ಲ ನೋಡು!"

2011ರಲ್ಲಿ ಸಣ್ಣಜ್ಜ ಹೋದ.

ಕುಚ್ಚಿನ ಬಗ್ಗೆ ಆಮೇಲೆ ಓದಿದಾಗ ಒಂದು ವಿಷಯ ತಿಳೀತು. ಅಪ್ಪ ಅಮ್ಮ ಎರಡೂ ಕಾಯುತ್ತವೆ, ಆದರೆ ಹೆಚ್ಚಿನ ಕಾವಲು ಗಂಡಿನದು. ನಾನು ಅಲ್ಲಿವರೆಗೂ ಅವತ್ತು ಹಿಡಿದದ್ದು ತಾಯಿ ಅಂತಲೇ ಅಂದುಕೊಂಡಿದ್ದೆ. ಓದಿದ್ದನ್ನ ಅಲ್ಲಿಗೇ ಮುಚ್ಚಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಸುಮ್ಮನೆ, ಊಟ ಆಯ್ತಾ ಅಂತ ಕೇಳಕ್ಕೆ.

ಈಗ ಕೆರೆ ಬೇರೆ ಥರ. 2022ರಲ್ಲಿ ಸುರಿದ ಮಳೆಗೆ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಅದೇ ವರ್ಷ ನಮ್ಮ ಬೊಗಸೆ ಕೆರೆಯೂ ಕೋಡಿ ಹರೀತು. ಮರುವರ್ಷವೇ ಮತ್ತೆ ಬರ. ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕದಲ್ಲಿ 367 ಕೆರೆ ತುಂಬಿಸೋದಿದೆ. ಊರಿನ ಕಟ್ಟೆ ಮೇಲೆ ಆ ನೀರು ದಿನಾ ಹರಿಯುತ್ತೆ, ಮಾತಿನಲ್ಲಿ. ಮೀನು ಹಿಡಿಯೋ ಹಕ್ಕು ಹರಾಜಿಗೆ ಹೋಗುತ್ತೆ. ಹಿಡಿದವರು ಕಾಟ್ಲಾ, ರೋಹು ಮರಿ ಬಿಡ್ತಾರೆ. ಅವರ ಕಣ್ಣಿಗೆ ಕುಚ್ಚು ಅಂದರೆ ಮರಿ ತಿನ್ನೋ ಕಳ್ಳ. ಬಲೆಗೆ ಬಿದ್ದರೆ ಒಳ್ಳೇ ರೇಟು, ಬಿಡೋ ಮಾತೇ ಇಲ್ಲ. ಅವರದ್ದೂ ತಪ್ಪು ಅನ್ನಕ್ಕಾಗಲ್ಲ, ದುಡ್ಡು ಹಾಕಿರ್ತಾರೆ.

ಹೋದ ವರ್ಷ ಮೇ ತಿಂಗಳಲ್ಲಿ ಮಗಳನ್ನ ಕರಕೊಂಡು ಹೋಗಿದ್ದೆ. ಏರಿ ಮೇಲೆ ನಡೀತಿದ್ದಾಗ ಅವಳೇ ತೋರಿಸಿದ್ದು, "ಅಪ್ಪಾ, ನೀರಲ್ಲಿ ಏನೋ ಕೆಂಪಗೆ!" ನನ್ನ ಎದೆ ಝಲ್ ಅಂತು. ಅದೇ ಕೋಡಿ ಹತ್ತಿರ. ಅಷ್ಟು ವರ್ಷದ ಮೇಲೆ. ನೋಡ್ತಿದ್ದ ಹಾಗೆ ಕೆಳಗಿಂದ ಗುಳುಂ ಅಂತು.

ಆ ಕಡೆಯಿಂದ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಕೈಯಲ್ಲಿ ಚಕ್ರ ಇರೋ ಹೊಸ ಗಾಳ, ರಬ್ಬರ್ ಕಪ್ಪೆ. ಆನ್‌ಲೈನಲ್ಲಿ ತರಿಸಿದ್ದಂತೆ. ಉಂಡೆ ಅವರ ಕಣ್ಣಿಗೂ ಬಿತ್ತು. ನಾನು ಹತ್ತಿರ ಹೋಗಿ, "ಮರಿ ಜೊತೆ ಇರೋದನ್ನ ಹಿಡೀಬೇಡ್ರಪ್ಪ. ಅದು ಹೋದರೆ ಮೂರೇ ದಿನಕ್ಕೆ ಒಂದು ಮರೀನೂ ಉಳಿಯಲ್ಲ. ನಾನೇ ನೋಡಿದೀನಿ" ಅಂದೆ. ಒಬ್ಬ ನಕ್ಕ. ಇನ್ನೊಬ್ಬ ನನ್ನ ಪ್ಯಾಂಟು, ಶೂ, ಕನ್ನಡಕ ಎಲ್ಲ ನೋಡಿ ಕೇಳಿದ, "ಸಾರ್, ತಮ್ಮದು ಯಾವೂರು?"

ಏನು ಹೇಳಬೇಕೋ ಗೊತ್ತಾಗಲಿಲ್ಲ. ಮನೆತನದ ಹೆಸರು ಹೇಳಿದೆ. ಮುಖ ಬದಲಾಗಲಿಲ್ಲ. ಸಣ್ಣಜ್ಜನ ಹೆಸರು ಹೇಳಿದೆ. ನಗದೆ ಇದ್ದವನು, "ಓ, ತೊಟ್ಟಿಯಲ್ಲಿ ಮೀನು ಸಾಕಿದ್ದ ಅಜ್ಜನಾ? ನಮ್ಮಪ್ಪ ಹೇಳ್ತಿರ್ತಾರೆ" ಅಂದ. ಇಬ್ಬರೂ ಏನೋ ಗುಸುಗುಸು ಮಾತಾಡಿಕೊಂಡು ಬೈಕು ತಿರುಗಿಸಿ ತೂಬಿನ ಕಡೆ ಹೋದರು. ನಾವು ಹೊರಟ ಮೇಲೆ ವಾಪಸ್ಸು ಬಂದರೋ ಇಲ್ಲವೋ, ನನಗೆ ಗೊತ್ತಿಲ್ಲ. ಮಗಳಿಗೆ ಮಾತ್ರ ಹೊರಡೋ ಮನಸ್ಸೇ ಇರಲಿಲ್ಲ. ಕತ್ತಲಾಗೋವರೆಗೆ ಇಬ್ಬರೂ ಅಲ್ಲೇ ಕೂತಿದ್ವಿ. ಮಾರನೇ ದಿನ ಬೆಂಗಳೂರಿನ ಬಸ್ಸು ಹಿಡಿಯಲೇಬೇಕಿತ್ತು, ಆಫೀಸು ಇತ್ತು.

ಭಾವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಕ್ಕಾಗಲಿಲ್ಲ. ಅದಕ್ಕೇ ಇಲ್ಲಿ ಬರೆದೆ. ಓದ್ತಾರೆ. ಮೇ ಮಧ್ಯದಲ್ಲಿ ಅವರ ಕೆರೆಯ ಬಾಗಿಲು ತೆಗೆಯೋ ಹೊತ್ತಿಗೆ ನಮ್ಮಲ್ಲಿ ಭರಣಿ ಕಳೆದು ಕೃತ್ತಿಕೆ ಹಿಡಿದಿರುತ್ತೆ. ಮಳೆ ಬಿದ್ದರೆ, ಕೋಡಿ ಹತ್ತಿರ ಮತ್ತೆ ಕೆಂಪು ಉಂಡೆ ಕಾಣಿಸಬಹುದು. ಈ ಸಲ ಒಂದು ವಾರ ರಜೆ ಹಾಕಿ ಹೋಗೋಣ ಅಂತ ಮಗಳು ಈಗಲೇ ಹಟ ಹಿಡಿದಿದ್ದಾಳೆ.

ನಿಮ್ಮ ಕಡೆ ಈ ಮೀನಿಗೆ ಏನಂತಾರೆ? ಮರಿ ಕಾಯೋದನ್ನ ಹಿಡೀಬಾರದು ಅನ್ನೋ ಸಣ್ಣಜ್ಜಂದಿರು ನಿಮ್ಮೂರಲ್ಲೂ ಇದ್ದರಾ? ಇದ್ದರೆ ಹೇಳಿ.